ಜೇಬಿಲ್ಲದ ಕೋಟು

ಟಿಣ್ ಎಂದಿತು ತಂಗಿಯ ಜೇಬು — ಜೇಬಲ್ಲ, ಜೇಬಿನೊಳಗಿನ ಫೋನು, ಆದರೆ ಅಕ್ಕನ ಕಿವಿಗೆ ಬಿದ್ದದ್ದು ಜೇಬೇ, ಸೂಜಿಯ ಕೆಳಗೆ ಯಾವುದೋ ತೋಳು ಅರ್ಧಕ್ಕೆ ನಿಂತಿದೆ, ಕಾಲು ಪೆಡಲಿನ ಮೇಲೇ ಇದೆ, ಕಣ್ಣು ಮಾತ್ರ ಪರದೆಯ ಸಂದಿನಿಂದ ಇಸ್ತ್ರಿ ಮೇಜಿನ ಕಡೆ, ಯಾರ ಮೆಸೇಜು ಅದು, ಓದಿ ನಕ್ಕಳಲ್ಲ, ನಕ್ಕು ಮತ್ತೆ ಜೇಬಿಗೆ ಇಳಿಬಿಟ್ಟಳಲ್ಲ, ಏನೇ ಅದು ಎಂದು ಕೇಳಿದರೆ ಏನಿಲ್ಲ ಅಕ್ಕ ಅನ್ನುತ್ತಾಳೆ, ಏನಿಲ್ಲ ಅನ್ನುವವರ ಹತ್ತಿರವೇ ಏನಾದರೂ ಇರುವುದು. ನಾಳೆ ಅಂಗಡಿ ಶುರು, ಉದ್ದ ಇದ್ದದ್ದನ್ನು ಗಿಡ್ಡ ಮಾಡುವ, ಬಿಗಿ ಇದ್ದದ್ದನ್ನು ಸಡಿಲಿಸುವ, ಕೆಟ್ಟ ಜಿಪ್ ಕಿತ್ತು ಹೊಸದು ಹಾಕುವ ಅಂಗಡಿ, ಮುಂಗಡ ಅಕ್ಕನದು, ಎರಡು ಹೊಲಿಗೆ ಯಂತ್ರ ತಂಗಿಯದು, ಇಬ್ಬರ ಬದುಕೂ ಈ ಹತ್ತಡಿ ಕೋಣೆಯೊಳಗೆ, ಎಲ್ಲ ಸಿದ್ಧವಾಗಿದೆ, ಗಿರಾಕಿ ಕೊಡುವ ದುಡ್ಡನ್ನು ಹೇಗೆ ಇಸಿದುಕೊಳ್ಳುವುದು ಎನ್ನುವುದೊಂದು ಬಿಟ್ಟು. ಬೀಗದ ತಗಡಿನ ಪೆಟ್ಟಿಗೆ ಸಾಕು ಎಂದವಳು ಅಕ್ಕ, ಈಗ ಯಾರಕ್ಕಾ ನೋಟು ಹಿಡ್ಕೊಂಡು ಓಡಾಡ್ತಾರೆ ಎಂದವಳು ತಂಗಿ. ಕಾರ್ಡು ಉಜ್ಜುವ ಮಷೀನು ಇದೆಯಂತೆ, ನೂರಕ್ಕೆ ಎರಡು ತಾನೇ ತಿನ್ನುತ್ತದಂತೆ, ಕೂತಲ್ಲೇ ಕೂತು ತಿನ್ನುವುದನ್ನು ಮನೆ ಅಳಿಯನ ಹಾಗೆ ಸಾಕಬೇಕೇ, ಇನ್ನು ಮೂರನೆಯದು ಆ ಚೌಕದ ಸ್ಟಿಕ್ಕರು, ಜೊತೆಗೊಂದು ಕೂಗುವ ಡಬ್ಬಿ, ಗಿರಾಕಿ ಫೋನು ತೋರಿಸಿದರೆ ಇಷ್ಟು ದುಡ್ಡು ಬಂತು ಎಂದು ಬೀದಿಗೆಲ್ಲ ಡಂಗುರ ಹೊಡೆಯುತ್ತದೆ — ಬಂದದ್ದು ಸರಿ, ಬಂದು ಎಲ್ಲಿಗೆ ಹೋಯಿತು ಎನ್ನುವುದನ್ನು ಡಬ್ಬಿ ಹೇಳುತ್ತದೆಯೇ, ಹೇಳುವುದಿಲ್ಲ, ಹೋಗುವುದು ತಂಗಿಯ ಫೋನಿಗೆ. ನಿನ್ನದು ಗುಂಡಿ ಒತ್ತೋ ಫೋನು ಅಕ್ಕ, ಅದಕ್ಕೆ ಇದೆಲ್ಲ ಬರಲ್ಲ, ಸದ್ಯಕ್ಕೆ ನನ್ನ ನಂಬರ್ ಕೊಡೋಣ, ಆಮೇಲೆ ನಿನ್ನ ಹೆಸರಿಗೆ ಮಾಡ್ಸಿದ್ರಾಯ್ತು. ಸದ್ಯಕ್ಕೆ, ಆಮೇಲೆ, ಈ ಎರಡು ಮಾತಿನ ನಡುವೆ ಎಷ್ಟು ಮನೆ ಮುಳುಗಿಲ್ಲ. ಹನ್ನೊಂದಕ್ಕೆ ಡಬ್ಬಿಯವನು ಬರುತ್ತಾನೆ, ಈಗ ಹತ್ತೂ ಮುಕ್ಕಾಲು, ಅಷ್ಟರೊಳಗೆ ಹೂಂ ಅನ್ನಬೇಕು ಇಲ್ಲವೇ ಊಹೂಂ ಅನ್ನಬೇಕು, ಊಹೂಂ ಅಂದರೆ ಯಾಕೆ ಎಂದು ತಂಗಿ ಕೇಳುತ್ತಾಳೆ, ಯಾಕೆ ಎಂದು ಹೇಳುವುದು ಹೇಗೆ, ನಿನ್ನನ್ನು ನಂಬಲಾರೆ ಕಣೇ ಎಂದೇ.

ಇಬ್ಬರಿಗೂ ಒಂದೇ ಬಣ್ಣದ ಕೋಟು ಹೊಲಿದದ್ದು ಅಕ್ಕನೇ, ಬೂದಿ ಬಣ್ಣದ್ದು, ಕೊಳೆ ಕಾಣುವುದಿಲ್ಲ, ತನ್ನದಕ್ಕೆ ಜೇಬಿಲ್ಲ, ತಂಗಿಯದಕ್ಕೆ ಎರಡು, ಫೋನ್ ಎಲ್ಲಿ ಇಟ್ಕೊಳ್ಳಲಿ ಎಂದು ಹಟ ಮಾಡಿ ಹಾಕಿಸಿಕೊಂಡಳು. ಊರಿನವರಿಗೆಲ್ಲ ಜೇಬು ಹೊಲಿಯುವ ಕೈ, ತನ್ನ ಬಟ್ಟೆಗೆ ಒಂದು ಜೇಬು ಹೊಲಿದು ಎಂಟು ವರ್ಷವಾಯಿತು, ಕೆಲಸಕ್ಕಿದ್ದ ದೊಡ್ಡ ಬಟ್ಟೆ ಅಂಗಡಿ ಬಿಟ್ಟಂದಿನಿಂದ — ಬಿಟ್ಟದ್ದಲ್ಲ, ಬಿಡಿಸಿದ್ದು. ಅಲ್ಲಿ ಹಿಂದಿನ ಕೋಣೆಯಲ್ಲಿ ಹೊಲಿಗೆ, ಜನ ಹೆಚ್ಚಾದ ದಿನ ಮುಂದೆ ಬಂದು ಗಲ್ಲಾ ಪೆಟ್ಟಿಗೆಗೆ ಕೂರಬೇಕು, ಅವತ್ತು ಸಾಲು ಬಾಗಿಲು ದಾಟಿತ್ತು, ಕಾಲ ಬಳಿ ಒಂದು ನೋಟು, ಬಿದ್ದದ್ದು ಎಂದುಕೊಂಡಳು, ಬಿದ್ದದ್ದಲ್ಲ, ಇಟ್ಟದ್ದು. ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡಳು, ಸಾಲು ಕರಗಲಿ ಕೊಟ್ಟರಾಯಿತು ಎಂದು, ಸಾಲು ಕರಗುವಷ್ಟರಲ್ಲಿ ಮರೆತಳು. ಒಂದು ನೋಟು ಕಾಣ್ತಿಲ್ಲ ಅಂದರು ಯಜಮಾನರು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ಎಲ್ಲರೂ ಜೇಬು ಮುಟ್ಟಿಕೊಂಡರು, ಮುಟ್ಟಿಕೊಳ್ಳದವಳು ಅವಳೊಬ್ಬಳೇ, ನೆನಪಿದ್ದರೆ ತಾನೇ. ನಿನ್ನ ಜೇಬು ಹೊರಗೆ ಎಳಿಯಮ್ಮ, ಸುಮ್ನೆ ನೋಡೋಣ. ಎಳೆದಳು. ಗಿರಾಕಿಗಳ ಎದುರಿಗೆ ಬಿಳಿ ಒಳಬಟ್ಟೆ ಹೊರಗೆ ಬಂದು ನೇತಾಡಿತು, ನಾಲಿಗೆ ಹಾಗೆ, ನೋಟು ಕೆಳಗೆ ಬಿತ್ತು, ಅದರ ಮೂಲೆಯಲ್ಲಿ ಯಜಮಾನರೇ ಹಾಕಿದ ಚುಕ್ಕೆ. ಆ ಚುಕ್ಕೆ ಮರೆತಿದ್ದಾಳೆ, ಯಜಮಾನರ ಮುಖವೂ ಮಸುಕಾಗಿದೆ, ಆ ಬಿಳಿ ಬಟ್ಟೆ ಮಾತ್ರ ಹೋಗುವುದಿಲ್ಲ, ಸ್ನಾನ ಮಾಡುವಾಗ ಬರುತ್ತದೆ, ಬಸ್ಸಿಗೆ ಕಾಯುವಾಗ ಬರುತ್ತದೆ. ಇದನ್ನು ಹೇಳಿಕೊಂಡದ್ದು ತಂಗಿಯೊಬ್ಬಳ ಹತ್ತಿರ, ಒಂದು ಸಲವಲ್ಲ, ನೂರು ಸಲ, ಪ್ರತಿ ಸಲವೂ ತಂಗಿ ಮೊದಲನೇ ಸಲ ಕೇಳಿದವಳ ಹಾಗೆ ಅತ್ತಿದ್ದಾಳೆ, ಅವನ ಕೈ ಬಿದ್ದುಹೋಗ ಎಂದು ಬೈದಿದ್ದಾಳೆ.

ಅಂಥ ಅಕ್ಕ ಇವತ್ತು ಬೆಳಿಗ್ಗೆ ಏನು ಮಾಡಿದಳು. ತಂಗಿ ನೀರು ತರಲು ಹೋದಾಗ ಒಂದು ದೊಡ್ಡ ನೋಟು ತೆಗೆದಳು, ಬಟ್ಟೆಗೆ ಗುರುತು ಹಾಕುವ ನೀಲಿ ಮೇಣದ ಚಾಕ್‌ಪೀಸಿನಿಂದ ಮೂಲೆಗೊಂದು ಚುಕ್ಕೆ ಇಟ್ಟಳು, ಇಸ್ತ್ರಿಗೆ ಕಾದಿದ್ದ ಡ್ರೈವರನ ಪ್ಯಾಂಟಿನ ಬಲ ಜೇಬಿಗೆ ತುರುಕಿದಳು. ಬೋರ್ಡಿನ ಬಣ್ಣ ಒಣಗುವ ಮೊದಲೇ ಬಂದ ಮೊದಲ ಗಿರಾಕಿ ಅವನು. ಪರೀಕ್ಷೆಯಲ್ಲ ಇದು, ಮನಸ್ಸಿನ ಸಮಾಧಾನಕ್ಕೆ, ಸುಮ್ಮನೆ ನೋಡೋಣ ಎಂದು — ಯಾರ ಮಾತದು, ಸುಮ್ಮನೆ ನೋಡೋಣ ಎಂದದ್ದು ಯಾರು, ಬೇಡ, ಅದು ಬೇರೆ ಇದು ಬೇರೆ, ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು, ನೋಟು ಸಿಕ್ಕಿದೊಡನೆ ಅಕ್ಕಾ ಎಂದು ಕೂಗಿದರೆ ಡಬ್ಬಿಗೆ ಅವಳ ನಂಬರೇ ಇರಲಿ, ಕೂಗದಿದ್ದರೆ ತಗಡಿನ ಪೆಟ್ಟಿಗೆ, ಬೀಗದಕೈ ತನ್ನ ಕೊರಳಿಗೆ. ಪರದೆಯಾಚೆ ಉಸ್ಸ್ ಎಂದಿತು ಇಸ್ತ್ರಿಪೆಟ್ಟಿಗೆ, ಹಬೆ ಎದ್ದಿತು, ತಂಗಿ ಪ್ಯಾಂಟಿನ ಕಾಲು ಮಡಿಸಿದಳು, ಈಗ ಸೊಂಟ, ಈಗ ಜೇಬು — ಕೂಗು ಕೂಗೇ — ಒಂದು ನಿಮಿಷ, ಎರಡು, ಕೂಗಲಿಲ್ಲ, ಮತ್ತೆ ಉಸ್ಸ್, ಕೂಗಲಿಲ್ಲ, ಸಿಕ್ಕಿಬಿದ್ದಳು ಎಂದು ಮನಸ್ಸು ಕುಣಿಯಿತು, ಛೀ, ಒಡಹುಟ್ಟಿದವಳು ಕಳ್ಳಿಯಾದರೆ ಕುಣಿಯುವ ಮನಸ್ಸು, ಆದರೂ ಕುಣಿಯಿತು, ಆಮೇಲೆ ತಟ್ಟನೆ ಹೊಳೆಯಿತು, ಮೇಣದ ಚಾಕ್‌ಪೀಸಿನ ಗುರುತು ಬಿಸಿ ತಾಗಿದರೆ ಅಳಿಸಿಹೋಗುತ್ತದೆ, ಅದಕ್ಕೇ ಅಲ್ಲವೇ ಅದನ್ನು ಕೊಳ್ಳುವುದು, ಇಸ್ತ್ರಿ ಆಡಿಸಿದರೆ ಗುರುತೇ ಉಳಿಯುವುದಿಲ್ಲ, ಇಷ್ಟು ವರ್ಷ ಕೈಯಲ್ಲಿ ಹಿಡಿದವಳಿಗೆ ಅದೊಂದು ಮರೆತುಹೋಯಿತೇ, ಇನ್ನು ಅವಳ ಹತ್ತಿರ ನೋಟು ಸಿಕ್ಕರೂ ತನ್ನದೆಂದು ಹೇಳುವುದು ಹೇಗೆ. ನಮಸ್ಕಾರ ಮೇಡಂ, ಬಾಗಿಲಲ್ಲಿ ಡಬ್ಬಿಯವನು, ಐದು ನಿಮಿಷ ಮೊದಲೇ ಬಂದಿದ್ದಾನೆ, ಮೂಗಿಗೆ ತುಪ್ಪ ಸವರುವ ನಗೆ, ಒಂದು ಪೈಸೆ ಆಚೀಚೆ ಆಗಲ್ಲ ಮೇಡಂ, ಯಾರ ಮೇಲೂ ಅನುಮಾನ ಪಡೋ ಹಾಗೇ ಇಲ್ಲ, ಬಂದಿದ್ದನ್ನೆಲ್ಲ ಬಾಯ್ಬಿಟ್ಟು ಹೇಳುತ್ತೆ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ, ಫಾರ್ಮು ತೆಗೆದ. ಅಕ್ಕನ ಬಾಯಿಗೆ ಬಂದದ್ದು ಬೇರೆಯೇ ಮಾತು, ನಿನ್ನ ಜೇಬು ಹೊರಗೆ ಎಳಿಯಮ್ಮ — ಎಂಟು ವರ್ಷ ಎದೆಯಲ್ಲಿದ್ದದ್ದು ಈಗ ನಾಲಿಗೆಯ ತುದಿಯಲ್ಲಿ, ಯಜಮಾನರ ದನಿಯಲ್ಲೇ, ಹಲ್ಲು ಕಚ್ಚಿ ಹಿಡಿದಳು.

ಪರದೆ ಸರಿಯಿತು. ತಂಗಿಯ ಕೈಯಲ್ಲಿ ಮಡಿಸಿದ ಪ್ಯಾಂಟು, ಅದರ ಮೇಲೆ ನೋಟು, ಇಸ್ತ್ರಿ ಮಾಡಿದ ನೋಟು, ಒಂದು ಸುಕ್ಕಿಲ್ಲ, ಮೂಲೆಯಲ್ಲಿ ನೀಲಿಯಿಲ್ಲ, ಏನೂ ಇಲ್ಲ. ನಿನ್ನೆ ಡ್ರೈವರ್ ಎದುರಿಗೇ ಈ ಜೇಬು ಕೊಡವಿದ್ದೆ ಅಕ್ಕ, ಖಾಲಿ ಇತ್ತು, ನೀನೂ ನೋಡಿದ್ದೆ. ಹೌದು, ನೋಡಿದ್ದಳು, ಅಂಗಡಿಯ ಮೊದಲ ನಿಯಮವೇ ಅದು, ಅವಳೇ ಮಾಡಿದ ನಿಯಮ, ಗಿರಾಕಿಯ ಮುಂದೆಯೇ ಜೇಬು ಕೊಡವಬೇಕು, ನಾಳೆ ಯಾರೂ ನಮ್ಮನ್ನ ಒಂದು ಮಾತು ಅನ್ನಬಾರದು ಕಣೇ ಎಂದು, ಖಾಲಿ ಜೇಬಿಗೆ ರಾತ್ರಿ ಬೆಳಗಾಗುವುದರೊಳಗೆ ನೋಟು ಬಂದರೆ ತಂದವರು ಯಾರು, ಕೋಣೆಯಲ್ಲಿ ಇರುವವರೇ ಇಬ್ಬರು. ಅಳುತ್ತಾಳೆ ಎಂದುಕೊಂಡಳು, ಅಳಲಿಲ್ಲ, ಬೈಯುತ್ತಾಳೆ ಎಂದುಕೊಂಡಳು, ಬೈದರೆ ಎಷ್ಟೋ ವಾಸಿಯಿತ್ತು, ತಂಗಿ ಪ್ಯಾಂಟನ್ನು ಕಟ್ಟೆಯ ಮೇಲಿಟ್ಟಳು, ಎರಡೂ ಕೈಯನ್ನು ಎರಡು ಜೇಬಿಗೆ ಹಾಕಿದಳು, ಫೋನು ತೆಗೆದಿಟ್ಟಳು, ಬೆರಳಿಗೆ ಹಾಕುವ ಟೊಪ್ಪಿ, ನೀಲಿ ದಾರದ ಉಂಡೆ, ಕೈ ಮತ್ತೆ ಒಳಗೆ ಹೋಯಿತು, ಬೇಡ ಕಣೇ, ಬೇಡ — ದನಿ ಹೊರಗೆ ಬಂತೋ ಇಲ್ಲವೋ — ಎಳೆದಳು. ಸಾಕಾ ಅಕ್ಕ. ಡಬ್ಬಿಯವನು ಪೆನ್ನು ಹಿಡಿದು ಇವರ ಮುಖ ಅವರ ಮುಖ ನೋಡುತ್ತಾನೆ, ಮೇಡಂ, ಯಾರ ನಂಬರ್ ಹಾಕ್ಲಿ, ಮೇಡಂ, ಅಕ್ಕನ ಕಣ್ಣು ಮೇಲೇಳುವುದಿಲ್ಲ, ತಂಗಿಯ ಬೂದಿ ಬಣ್ಣದ ಕೋಟು, ಎಡಕ್ಕೊಂದು ಬಲಕ್ಕೊಂದು, ತಾನೇ ಕತ್ತರಿಸಿ ತಾನೇ ಹೊಲಿದ ಒಳಬಟ್ಟೆ, ಬಿಳಿ, ಹೊರಗೆ, ನೇತಾಡುತ್ತಿದೆ, ಬಿಳಿ.