ಬಲಕ್ಕೆ ತಿರುಗಿದ ಹೆಂಗಸರು

ಯುದ್ಧದ ಮೂರನೆಯ ವರ್ಷ. ಸರ್ಕಾರದ ಸ್ಟುಡಿಯೋದಲ್ಲಿ ಫಿಲ್ಮು ಕತ್ತರಿಸಿ ಅಂಟಿಸುವವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಅವಳ ಕೈಗೆ ಬರುತ್ತಿದ್ದುದೆಲ್ಲ ಒಂದೇ ಬಗೆಯ ಚಿತ್ರ: ನಗುನಗುತ್ತಾ ಮದ್ದುಗುಂಡು ತುಂಬುವ ಹೆಂಗಸರು, ನಗುನಗುತ್ತಾ ಗಂಡನನ್ನು ಯುದ್ಧಕ್ಕೆ ಕಳಿಸುವ ಹೆಂಗಸರು. ಅಷ್ಟೊಂದು ನಗುವಂಥದ್ದು ಆ ದೇಶದಲ್ಲಿ ಏನಿತ್ತೋ, ದೇವರಿಗೇ ಗೊತ್ತು!

ಅವಳ ಮನೆಯಲ್ಲಂತೂ ನಗು ಸತ್ತು ಎಂಟು ತಿಂಗಳಾಗಿತ್ತು. ರೇಷನ್ ಸಾಲಿನಲ್ಲಿ ನಿಂತು ನಾಯಕರ ಮೀಸೆಯ ಬಗ್ಗೆ ಒಂದು ಮಾತಾಡಿದ್ದಕ್ಕೆ ತಂಗಿಯನ್ನು ಎಳೆದೊಯ್ದಿದ್ದರು. ಎಲ್ಲಿಗೆ ಅಂತ ಹೇಳಿದವರಿಲ್ಲ. "ಬದುಕಿದಾಳಮ್ಮ, ಯಾರೋ ನೋಡಿದ್ರಂತೆ" ಎಂದು ಕತ್ತರಿಯಕ್ಕ ಅಮ್ಮನಿಗೆ ಮೂರು ಸಲ ಸುಳ್ಳು ಹೇಳಿದಳು. ನಾಲ್ಕನೆಯ ಸಲ ಅಮ್ಮ, "ಸಾಕು ಬಿಡೇ. ನಾನು ಕಣ್ಣಾರೆ ನೋಡೋವರೆಗೂ ಅವಳ ಸುದ್ದಿ ಎತ್ಬೇಡ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅಂದಿನಿಂದ ಊಟವೂ ಅಷ್ಟಕ್ಕಷ್ಟೇ.

ಹೀಗಿರುವಾಗ ಸಮವಸ್ತ್ರ ಹೊಲಿಯುವ ಶೆಡ್ಡಿನ ರೀಲು ಬಂತು. ಭೂತಗನ್ನಡಿ ಹಿಡಿದು ನೋಡುತ್ತಿದ್ದವಳು ರೀಲನ್ನು ಅಲ್ಲೇ ನಿಲ್ಲಿಸಿದಳು. ಮೂರನೆಯ ಮೆಷಿನ್ನಿನ ಮುಂದೆ ತಂಗಿ! ಕೆನ್ನೆ ಒಳಗೆ ಹೋಗಿದೆ, ತಲೆಗೊಂದು ಬಟ್ಟೆ ಬಿಗಿದಿದ್ದಾರೆ, ಆದರೂ ತಂಗಿಯೇ. ಕತ್ತರಿಯಕ್ಕ ಬಾಯಿಗೆ ಅಂಗೈ ಒತ್ತಿಕೊಂಡು ಅತ್ತಳು. ಅಮ್ಮನಿಗೆ ತೋರಿಸಲೇಬೇಕು. ಒಂದು ತುಂಡನ್ನು ಮನೆಗೆ ಒಯ್ಯೋಣವೆಂದರೆ ಗೇಟಿನಲ್ಲಿ ಒಳಬಟ್ಟೆಯನ್ನೂ ಬಿಡದೆ ತಡಕುತ್ತಾರೆ. ಉಳಿದದ್ದು ಊರವರಿಗೆಲ್ಲ ಚಿತ್ರ ತೋರಿಸುವ ಪರದೆಯೊಂದೇ.

ಅದಕ್ಕೆ ಅಡ್ಡ ಬಂದದ್ದು ಚಿತ್ರ ಪಾಸು ಮಾಡುವ ಸಾಹೇಬರ ಹಟ. ಪರದೆಯ ಮೇಲೆ ಎಲ್ಲ ಹೆಂಗಸರೂ ಬಲಕ್ಕೇ ಮುಖ ಮಾಡಿರಬೇಕು. "ಭೂಪಟದಲ್ಲಿ ನಮ್ಮ ಸೈನ್ಯ ಬಲಕ್ಕೆ ನುಗ್ತಿದೆ. ಇವರು ಎಡಕ್ಕೆ ನೋಡಿದ್ರೆ ಹಿಂದಕ್ಕೆ ಓಡ್ತಿರೋ ಹಾಗಿರುತ್ತೆ" ಎನ್ನುತ್ತಿದ್ದರು. ದೊಡ್ಡವರ ಬುದ್ಧಿ, ಕೇಳುವವರ್ಯಾರು! ತಂಗಿಯ ಸಾಲು ಎಡಕ್ಕೆ ಮುಖ ಮಾಡಿ ಕೂತಿತ್ತು. ಇಂಥ ಹೊತ್ತಿನಲ್ಲಿ ಆ ಕಸುಬಿನವರು ಮಾಡುವುದನ್ನೇ ಅವಳೂ ಮಾಡಿದಳು: ಫಿಲ್ಮಿನ ಪಟ್ಟಿಯನ್ನು ಮಗುಚಿ ಅಂಟಿಸಿದಳು. ಕನ್ನಡಿಯಲ್ಲಿ ನೋಡಿದಂತೆ ಎಡಕ್ಕಿದ್ದ ಮುಖ ಬಲಕ್ಕೆ ಬಂತು. ಸಾಹೇಬರು ತಲೆದೂಗಿ ಪಾಸು ಮಾಡಿದರು.

ಭಾನುವಾರ ಮಧ್ಯಾಹ್ನ ಕತ್ತರಿಯಕ್ಕನ ಬೀದಿಯವರೆಲ್ಲ ಕಡ್ಡಾಯವಾಗಿ ನೋಡಿ ಚಪ್ಪಾಳೆ ತಟ್ಟುವ ಸರದಿ. ಬರಲೊಲ್ಲೆನೆಂದ ಅಮ್ಮನನ್ನು ಅವಳು ಕೈಕಾಲು ಹಿಡಿದು ಕರೆತಂದಳು. "ಹೊಲಿಗೆ ಶೆಡ್ಡು ಬಂದಾಗ ಮೂರನೇ ಮೆಷಿನ್ನು ನೋಡಮ್ಮ. ಬಾಯಿ ಮಾತ್ರ ಬಿಡ್ಬೇಡ" ಎಂದು ಕಿವಿಯಲ್ಲಿ ಉಸುರಿದಳು. ಶೆಡ್ಡು ಬಂತು. ಅಮ್ಮ ಅವಳ ಮೊಣಕೈಯನ್ನು ಉಗುರು ಊರುವಂತೆ ಹಿಡಿದಳು. ನಾಲ್ಕು ಸೆಕೆಂಡು ಅಷ್ಟೇ. ಹಿಡಿತ ಸಡಿಲವಾಯಿತು.

ಮನೆಯ ಬಾಗಿಲು ಹಾಕಿಕೊಂಡ ಮೇಲೆ, "ನೋಡಿದ್ಯಾಮ್ಮ?" ಎಂದಳು.

"ನೋಡ್ದೆ. ಒಂದು ಗಳಿಗೆ ಹೋದ ಜೀವ ಬಂದ ಹಾಗಾಯ್ತು. ಅವಳಲ್ಲ ಕಣೇ. ನಮ್ಮವಳು ಎಡಚಿ, ಬಲಗೈಲಿ ಒಂದು ಗುಂಡಿ ಹಾಕೋಕೂ ಬರ್ತಿರ್ಲಿಲ್ಲ. ಆ ಹುಡುಗಿ ಬಲಗೈಲಿ ದಾರ ಕತ್ತರಿಸ್ತಿದ್ಲು. ನಮ್ಮವಳ ಮಚ್ಚೆ ಎಡಗೆನ್ನೇಲಿ, ಅವಳದ್ದು ಬಲಗೆನ್ನೇಲಿತ್ತು."

ಕತ್ತರಿಯಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಲವತ್ತು ಸಲ ನೋಡಿದ್ದಳು, ಮುಖದ ಜೊತೆ ಕೈಯೂ ಮಚ್ಚೆಯೂ ಮಗುಚಿಕೊಂಡದ್ದು ಹೊಳೆದಿರಲಿಲ್ಲ. ದಿನವೂ ಮಗುಚುವ ಕೈಗೆ ಎಡ ಯಾವುದು, ಬಲ ಯಾವುದು?

"ಅಯ್ಯೋ ಅಮ್ಮ, ಅವಳೇ! ನಾನೇ ಫಿಲ್ಮು ಮಗುಚಿ ಹಾಕಿದ್ದು, ನಿನ್ನಾಣೆ!"

ಅಮ್ಮ ಅವಳ ತಲೆ ಸವರಿದಳು. ಸಿಟ್ಟಿರಲಿಲ್ಲ, ಕನಿಕರವಿತ್ತು. "ಮೊದ್ಲು ಯಾರೋ ನೋಡಿದ್ರು ಅಂದೆ. ಈಗ ಫಿಲ್ಮು ಮಗುಚಿದೆ ಅಂತೀಯ. ನನಗೋಸ್ಕರ ಇನ್ನೆಷ್ಟು ಕಥೆ ಕಟ್ತೀಯೇ, ಮಗಳೇ? ಹೋದವಳು ಹೋದಳು ಬಿಡು."

ಎಂಟು ತಿಂಗಳಿಂದ ಹಾಸಿಯೇ ಇಟ್ಟಿದ್ದ ತಂಗಿಯ ಹಾಸಿಗೆಯನ್ನು ಅಮ್ಮ ಸುತ್ತತೊಡಗಿದಳು. ಸುತ್ತುತ್ತಾ ನಡುವೆ ಒಮ್ಮೆ ನಿಂತಳು.

"ಆ ಹುಡುಗಿಗೂ ಒಬ್ಬಳು ತಾಯಿ ಇರ್ತಾಳಲ್ವಾ? ಪಾಪ, ಅವಳಾದ್ರೂ ನೋಡ್ಲಿ."