ಕೂತಲ್ಲೇ ಕೂತವನು

ಜೌಗುನೆಲಕ್ಕೆ ಯಾರಾದರೂ ಬೇಲಿ ಹಾಕಲು ಬಂದರೆ ಅವರ ವಿರುದ್ಧ ತಾನು ಎದ್ದು ನಿಲ್ಲುತ್ತೇನೆ ಎಂದು ಗಿಲ್ಬರ್ಟ್ ಥೋರ್ಲಿ ಮಾತು ಕೊಟ್ಟಿದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ, ಹಾಲೂಡಿಸಿ ಸಾಕಿದ ಥಾಮಸಿನ್‌ಗೆ. ಹೆತ್ತ ತಾಯಿಯನ್ನು ಅವನು ಕಂಡವನಲ್ಲ. ಊರವರೆಲ್ಲರ ದನಗಳಂತೆ ಥಾಮಸಿನ್‌ಳ ಹೆಬ್ಬಾತುಗಳೂ ಮೇಯುತ್ತಿದ್ದುದು ಆ ಜೌಗಿನಲ್ಲೇ.

ಆಮೇಲೆ ದೇಶದ ರಾಣಿ ತೀರಿಕೊಂಡು ಹೊಸ ರಾಜ ಪಟ್ಟಕ್ಕೆ ಬಂದ. ಆ ಸೀಮೆಯ ದೊಡ್ಡ ಜಮೀನ್ದಾರನಾದ ದೊರೆ ಕೈಹಿಡಿದು ಗಿಲ್ಬರ್ಟ್‌ನನ್ನು ಪಾರ್ಲಿಮೆಂಟಿಗೆ ಕಳಿಸಿದ. ಅವನು ಸಮಿತಿಗಳಲ್ಲಿ ದುಡಿದ, ಸರ್ ಅನ್ನಿಸಿಕೊಂಡ, ಹೆಂಡತಿಯನ್ನು ಮಣ್ಣುಮಾಡಿದ, ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುರಿಮಾಂಸದ ಸಾರು ಕುಡಿಯುತ್ತ ಮುದುಕನಾದ. ಅವನಿಗೆ ಉಳಿದದ್ದು ಪಾರ್ಲಿಮೆಂಟಿನ ಆ ಸ್ಥಾನವೊಂದೇ. ಈಗ ಜೌಗು ಒಣಗಿಸಿ ಬೇಲಿ ಹಾಕುವ ಮಸೂದೆ ತಂದವನೂ ಅದೇ ದೊರೆ.

ಮತ ಎಣಿಸುವಾಗ ಸಭೆಯ ಪದ್ಧತಿ ಹಳೆಯದು. ಮಸೂದೆ ಬೇಕೆನ್ನುವವರು ಎದ್ದು ಹೊರಗೆ ಹೋಗಬೇಕು. ಬೇಡವೆನ್ನುವವರು ಕೂತಲ್ಲೇ ಕೂತಿರಬೇಕು. ದೊರೆಯ ಕಡೆಯವರೆಲ್ಲ ಎದ್ದರು. ಅವರಲ್ಲೊಬ್ಬ, ಪಕ್ಕದಲ್ಲಿದ್ದ ಕ್ರಿಸ್ಪಿನ್ ಹೇಲ್, ಗಿಲ್ಬರ್ಟ್‌ನ ತೋಳು ಜಗ್ಗಿದ.

"ಏಳ್ರೀ ಸರ್ ಗಿಲ್ಬರ್ಟ್, ಮಂಡಿ ಹಿಡ್ಕೊಂತಾ?"

"ಮಂಡಿ ಚೆನ್ನಾಗೇ ಇದೆ."

"ಹಾಗಾದ್ರೆ ತಲೆ ಕೆಟ್ಟಿರ್ಬೇಕು. ಮುಂದಿನ ಸಲ ಈ ಬೆಂಚು ನಿಮಗೆ ಕನಸಲ್ಲೂ ಸಿಗಲ್ಲ."

"ಗೊತ್ತು. ನೀನು ಹೋಗಪ್ಪ."

ಬೆಂಚು ಖಾಲಿಯಾಯಿತು. ಎದುರುಗಡೆ ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದರು; ಅವರ್ಯಾರೂ ಅವನ ಮುಖ ನೋಡುವವರಲ್ಲ. ಎಣಿಸುವವನು ಕೋಲು ಚಾಚಿ ಅವನನ್ನೂ ಎಣಿಸಿಕೊಂಡ. ಮಸೂದೆ ಗೆದ್ದಿತು.

ಮುಂದಿನ ಪಾರ್ಲಿಮೆಂಟಿಗೆ ದೊರೆ ತನ್ನ ಅಳಿಯನನ್ನು ಕಳಿಸಿದ. ಗಿಲ್ಬರ್ಟ್ ಊರಿಗೆ ಬಂದವನೇ ಥಾಮಸಿನ್‌ಳ ಗುಡಿಸಲಿಗೆ ಹೋದ. ಆಗಲೇ ಜೌಗಿನ ಅಂಚಿನಲ್ಲಿ ಕಾಲುವೆ ತೋಡುತ್ತಿದ್ದರು.

"ಬಂದ್ಯಾ ದೊಡ್ಡಮನುಷ್ಯ? ಎದ್ದು ನಿಂತ್ಯಾ ಅಲ್ಲಿ?"

"ಇಲ್ಲಮ್ಮ, ಕೂತೇ ಇದ್ದೆ. ಅಲ್ಲಿ ಕೂರೋದು ಅಂದ್ರೇನೇ ಬೇಡ ಅನ್ನೋದು. ಎದ್ದು ಹೋಗೋರು..."

"ಕೂತಿದ್ದನಂತೆ! ನೆಲಕ್ಕೆ ನೆಲಾನೇ ಹೋಗ್ತಿದ್ರೆ ಇವನು ಕುಂಡೆ ಊರಿ ಕೂತಿದ್ದನಂತೆ! ನಮ್ಮ ಹೆಬ್ಬಾತಾದ್ರೂ ಎದ್ದು ರೆಕ್ಕೆ ಬಡಿಯುತ್ತೆ ಕಣೋ."

"ಅಲ್ಲಿ ಪದ್ಧತಿ ಹಾಗಮ್ಮ."

"ಆ ಲಂಡನ್ ಮಾತೆಲ್ಲ ನನ್ನ ಹತ್ರ ಬೇಡ. ಎದ್ಯೋ ಇಲ್ವೋ, ಅಷ್ಟು ಹೇಳು."

"ಏಳಲಿಲ್ಲ."

ಅವಳು ಬಾಗಿಲು ಹಾಕಿಕೊಂಡಳು. ಅವನು ಸ್ವಲ್ಪ ಹೊತ್ತು ನಿಂತು ನೋಡಿದ. ಒಳಗೆ ಅಗುಳಿಯೂ ಬಿತ್ತು. ಹಿಂದಿರುಗುವಾಗ ಕಾಲುವೆ ತೋಡುವವರು, ಇವನೂ ದೊರೆಯ ಕಡೆಯವನೇ ಎಂದುಕೊಂಡು, ಟೊಪ್ಪಿ ತೆಗೆದು ಬಾಗಿದರು.

ಗಿಲ್ಬರ್ಟ್ ಕೊಟ್ಟ ಮಾತು ಉಳಿಸಿಕೊಂಡಿದ್ದ.