ಮೊದಲನೇ ಡಿಕಾಕ್ಷನ್

"ಬಾಗಿಲಿಗೆ ತಗುಲ್ತದೆ ಕಣೋ, ವಾರೆ ಮಾಡು, ವಾರೆ ಮಾಡು," ಎನ್ನುತ್ತ ಚೌಡಪ್ಪ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟ. ಕೆಂಪು ಬಣ್ಣದ ಕಾಫಿಪುಡಿ ಮಿಷಿನ್ನು ಅವನ ಎದೆಗೆ ಆತುಕೊಂಡಿತ್ತು. ಅದರ ಇನ್ನೊಂದು ತುದಿಯನ್ನು ಪಕ್ಕದ ಮನೆಯ ಹುಡುಗರು ಹಿಡಿದಿದ್ದರು. ಗೇಟಿನ ಬಳಿ ಆಂಬುಲೆನ್ಸ್ ನಿಂತಿತ್ತು. ಅದರೊಳಗೆ ಚೌಡಪ್ಪನ ಅಣ್ಣ ಅಂಜನಮೂರ್ತಿಯ ಹೆಣವಿತ್ತು. ಅವನನ್ನು ಇಳಿಸಿಕೊಳ್ಳಲು ಅವನ ಮನೆಯ ಹಾಲಿನಲ್ಲಿ ಜಾಗವಿರಲಿಲ್ಲ.

"ಇನ್ನೂ ಎಷ್ಟವೆ ಅತ್ಗೆ?"

"ಹಾಲಲ್ಲಿ ಇನ್ನೊಂದು. ಬಚ್ಚಲ ಹತ್ರ ಒಂದು ಬಿಚ್ಚಿ ಹಾಕವ್ರೆ."

"ಇದ್ರೊಳಗೆ ಅಣ್ಣ ಹೆಂಗೆ ಮಲಗ್ತಿದ್ದ?"

"ಅವು ಮಲಗಿದ ಮೇಲೆ," ಅಂದಳು ಸಿದ್ದಲಕ್ಷ್ಮಮ್ಮ.

ಚೌಡಪ್ಪನಿಗೆ ನಗು ಬಂತು. ಮುಖ ತಿರುಗಿಸಿಕೊಂಡು ಮಿಷಿನ್ನನ್ನು ಕಾಂಪೌಂಡಿನ ಪಕ್ಕ ಇಳಿಸಿದ. ಮರಳೂರಿನ ಆ ರಸ್ತೆಯಲ್ಲಿ ಹೋಗುವವರು ಸಾಲಾಗಿ ನಿಂತ ಮಿಷಿನ್ನುಗಳನ್ನು ನೋಡಿ ಮನೆ ಖಾಲಿ ಮಾಡುತ್ತಿದ್ದಾರೆಂದುಕೊಂಡು ಮುಂದೆ ಹೋಗುತ್ತಿದ್ದರು.

ಕಿಟಕಿಯ ಪಕ್ಕದ ಕೆಲಸದ ಮೇಜಿನ ಮೇಲೆ ನಿನ್ನೆಯ ಟೀ ಲೋಟ ಹಾಗೇ ಇತ್ತು. ಅಂಜನಮೂರ್ತಿ ಅರ್ಧ ಕುಡಿದಿದ್ದ. ಉಳಿದದ್ದರ ಮೇಲೆ ಕೆನೆ ಕಟ್ಟಿತ್ತು. ಮಗಳು ಪೂಜಾ ಅದನ್ನು ಚೆಲ್ಲಲು ಎತ್ತಿಕೊಂಡಳು.

"ಇರ್ಲಿ ಬುಡು," ಅಂದಳು ಸಿದ್ದಲಕ್ಷ್ಮಮ್ಮ.

*

ಮದುವೆಯಾದ ಹೊಸದರಲ್ಲಿ ಅವಳು ಕಾಫಿಯನ್ನೇ ಮಾಡಿದ್ದಳು. ತವರಿನಲ್ಲಿ ಮಾಡುತ್ತಿದ್ದಂತೆ ಪುಡಿಯನ್ನೂ ಬೆಲ್ಲವನ್ನೂ ಒಟ್ಟಿಗೆ ಹಾಕಿ, ಚೆನ್ನಾಗಿ ಮರಳಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಅಂಜನಮೂರ್ತಿ ಪೂರ್ತಿ ಕುಡಿದು ಲೋಟವನ್ನು ತಾನೇ ತೊಳೆದಿಟ್ಟ.

"ನಾಳೆಯಿಂದ ಟೀ ಮಾಡ್ಬುಡು. ದಿನವೆಲ್ಲ ಅದೇ ವಾಸ್ನೆ ಕುಡ್ದು ಸಾಕಾಗೋಗದೆ," ಅಂದ.

ಅವಳು ಚಿಕ್ಕಂದಿನಿಂದ ಕಾಫಿ ಕುಡಿದು ಬೆಳೆದವಳು. ಗಂಡನಿಗಿಲ್ಲದ್ದು ತನಗೇಕೆಂದು ಅವತ್ತೇ ಬಿಟ್ಟಳು. ಮದುವೆ ಮನೆಗಳಲ್ಲಿ ಕಾಫಿಯ ತಟ್ಟೆ ಮುಂದೆ ಬಂದರೆ, "ನಮ್ಮನೇಲಿ ಯಾರೂ ಕುಡಿಯಲ್ಲ," ಎನ್ನುತ್ತಿದ್ದಳು. ಹಾಗೆ ಅನ್ನುವಾಗ ಅವಳಿಗೆ ಒಂದು ಬಗೆಯ ಹೆಮ್ಮೆಯೂ ಇರುತ್ತಿತ್ತು.

ಮಿಷಿನ್ನುಗಳ ಮೇಲೆ ಅವಳಿಗಿದ್ದ ಹೊಟ್ಟೆಕಿಚ್ಚು ಬೇರೆ. ಅದು ಹಳೆಯದು, ಅಭ್ಯಾಸವಾಗಿ ಹೋದದ್ದು. ಅವನು ಗುಜರಿಯಿಂದ ತುಕ್ಕು ಹಿಡಿದದ್ದನ್ನು ತಂದು, ಒಂದೊಂದು ಭಾಗವನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಬೀಜ ಬೀಸುವ ಸವೆದ ಪ್ಲೇಟುಗಳಿಗೆ ಅರದಿಂದ ಹೊಸ ಹಲ್ಲು ಕೊರೆಯುತ್ತಿದ್ದ. ವೇಗದ ಮೋಟಾರು ತೆಗೆದು ನಿಧಾನದ್ದು ಕೂರಿಸುತ್ತಿದ್ದ. "ಪುಡಿ ಬಿಸಿ ಆದ್ರೆ ಸತ್ತೋಯ್ತದೆ," ಎನ್ನುತ್ತಿದ್ದ, ಜೀವವಿರುವುದರ ಬಗ್ಗೆ ಹೇಳುವಂತೆ. ಎಲ್ಲ ಜೋಡಿಸಿದ ಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮಿಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಅವಳು ಟೀ ಹಿಡಿದು ನಿಂತೇ ಇರುತ್ತಿದ್ದಳು.

ಒಮ್ಮೆ ಕೇಳಿದಳು, "ಏನು ಹೇಳ್ತದೆ ಅದು?"

ಅವನು ಹಿಡಿಯನ್ನು ಅವಳ ಕಿವಿಗಿಟ್ಟ.

"ಏನೂ ಕೇಳಲ್ಲ. ಬರೀ ಗುಂಯ್ ಅಂತದೆ."

"ಅಷ್ಟೇ ಕೇಳ್ಬೇಕು. ಬೇರೇದು ಕೇಳಿದ್ರೆ ಕಾಯಿಲೆ."

ಕಬ್ಬಿಣದ ಜೊತೆ ಜಗಳ ಆಡುವುದು ಹೇಗೆ? ಆಡಿರಲಿಲ್ಲ. ಎಷ್ಟಾದರೂ ರಿಪೇರಿಯಾದ ಮೇಲೆ ಅವು ಹೊರಟುಹೋಗುತ್ತಿದ್ದವು. ಅವನು ಉಳಿಯುತ್ತಿದ್ದ.

*

ಹೆಣವನ್ನು ಹಾಲಿನಲ್ಲಿ ಮಲಗಿಸಿ ಬಿಸಿಲು ಏರುವ ಹೊತ್ತಿಗೆ ಬೇರೆ ಊರಿನವರು ಬರತೊಡಗಿದರು. ಕುಣಿಗಲ್ಲಿನ ಹೋಟೆಲಿನ ನಾಗಭೂಷಣ್ ದೊಡ್ಡ ಹಾರ ತಂದಿದ್ದ. ಅವನ ಹಿಂದೆಯೇ ದಪ್ಪನೆಯ ಮುದುಕಿಯೊಬ್ಬಳು ಎರಡು ಕೈಯಲ್ಲಿ ಎರಡು ಫ್ಲಾಸ್ಕು ಹಿಡಿದು, ಆಟೊ ಇಳಿದು, ಹೆಣದ ಕಾಲ ಬಳಿ ನಿಂತು ಸದ್ದಿಲ್ಲದೆ ಅತ್ತಳು.

"ಯಾರು ನೀವು?" ಪೂಜಾ ಕೇಳಿದಳು.

"ಗುಬ್ಬೀಲಿ ಕಾಫಿಪುಡಿ ಅಂಗಡಿ ಕಣವ್ವ. ಕೊಲ್ಲಾಪುರಮ್ಮ ಅಂತ. ನಮ್ಮ ಮಿಷಿನ್ಗೆ ನಿಮ್ಮಪ್ಪನೇ ಡಾಕ್ಟ್ರು. ಹೆಣ ಎತ್ತೋಗಂಟ ಒಲೆ ಹಚ್ಚಂಗಿಲ್ವಲ್ಲ, ಅದಕ್ಕೇ ಕಾಫಿ ತಂದೀನಿ."

ಒಂದು ಫ್ಲಾಸ್ಕಿನಿಂದ ಪೇಪರ್ ಲೋಟಗಳಿಗೆ ಬಗ್ಗಿಸಿ ಬಂದವರಿಗೆಲ್ಲ ಕೊಟ್ಟಳು. ಕೊಡುತ್ತಲೇ ಮಾತಾಡಿದಳು.

"ಮೊದಲನೇ ಡಿಕಾಕ್ಷನ್ನೇ ಆಗ್ಬೇಕು ಅವ್ನಿಗೆ. ಪ್ಲೇಟು ಕೂರ್ಸಿ, ಪುಡಿ ಬೀಳ್ಸಿ, ಬೆರಳಲ್ಲಿ ತಿಕ್ಕಿ ನೋಡಿ, 'ಅಕ್ಕಾ, ಈಗ ಹಾಕು' ಅನ್ನೋನು. ಎರಡನೇದು ಕೊಟ್ರೆ ಮೂಸಿ ನೋಡಿ ಹಂಗೇ ಇಡೋನು, ಕಳ್ಳ."

"ನಮ್ಮಲ್ಲಿ ಹಂಗೇನಿಲ್ಲ ಬುಡಿ," ಅಂದ ನಾಗಭೂಷಣ್. "ಕುಣಿಗಲ್ಲಿಗೆ ಬಂದ್ರೆ ಮೇಲಿಂದ ಮೇಲೆ ಮೂರು ಲೋಟ. ಸಕ್ಕರೆ ಜಾಸ್ತಿ."

"ಜಾಸ್ತಿನಾ? ಅರ್ಧ ಚಮಚ ಕಣಯ್ಯ ಅವ್ನಿಗೆ. ನಿನ್ನ ಕಾಫಿ ಕುಡಿಯಕಾಗ್ದೆ ಹಾಕಿಸ್ಕೊಂಡಿರ್ತಾನೆ."

ಯಾರೋ ನಕ್ಕರು. ಆಮೇಲೆ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು.

ಗೋಡೆಗೆ ಒರಗಿದ್ದ ಸಿದ್ದಲಕ್ಷ್ಮಮ್ಮ ತಲೆಯೆತ್ತಿದಳು. "ಎಷ್ಟು ಚಮಚ ಅಂದ್ರಿ?"

"ಅರ್ಧ ಕಣ್ ತಾಯಿ."

ಅವಳು ಅವನ ಟೀಗೆ ಎರಡು ಚಮಚ ಹಾಕುತ್ತಿದ್ದಳು.

"ಕೆಲ್ಸಕ್ಕೆ ಬಂದಾಗ ಕುಡೀತಿದ್ರಾ?"

"ಕೆಲ್ಸ ಇಲ್ದಿದ್ರೂ ಬರೋನು. ಮಿಷಿನ್ ಸದ್ದು ಕೇಳಕ್ಕೆ ಬಂದೆ ಅನ್ನೋ ನೆಪ. ಬಾಕಲ ಹತ್ರ ಸ್ಟೂಲ್ ಹಾಕ್ಕೊಂಡು ಕೂತ್ರೆ, ಒಂದು ಲೋಟಕ್ಕೆ ಅರ್ಧ ಗಂಟೆ. ತಳದಲ್ಲಿ ಒಂದು ತೊಟ್ಟೂ ಬುಡ್ತಿರ್ಲಿಲ್ಲ."

ಸಿದ್ದಲಕ್ಷ್ಮಮ್ಮ ಕಿಟಕಿಯ ಕಡೆ ನೋಡಿದಳು. ಮೇಜಿನ ಮೇಲೆ ಅರ್ಧ ಲೋಟ ಟೀ. ಅವನು ದಿನವೂ ಅರ್ಧ ಉಳಿಸುತ್ತಿದ್ದ. ಕೆಲಸದ ಗಡಿಬಿಡಿ ಎಂದು ಅವಳು ಅಂದುಕೊಂಡಿದ್ದಳು. ಆ ಅರ್ಧಗಳನ್ನೆಲ್ಲ ಬಚ್ಚಲಿಗೆ ಚೆಲ್ಲಿ ಲೋಟ ತೊಳೆದಿದ್ದಳು. ಅವನ ಶರ್ಟು ನೆನೆಸಿದರೆ ಬಕೆಟ್ಟಿನ ನೀರು ಕಂದಾಗುತ್ತಿತ್ತು. ಅಂಗಡಿಗಳ ಆ ವಾಸನೆಯನ್ನೂ ಅವಳೇ ತಿಕ್ಕಿ ತಿಕ್ಕಿ ತೆಗೆದಿದ್ದಳು.

ಈ ಮುದುಕಿ ಚೆಲುವೆಯಾಗಿದ್ದರೆ, ಹರೆಯದವಳಾಗಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸಿತು. ಆಗ ಬೈಯಲು ಒಂದು ಮಾತಾದರೂ ಸಿಗುತ್ತಿತ್ತು.

ಕೊಲ್ಲಾಪುರಮ್ಮ ಪಕ್ಕ ಬಂದು ಕೂತು ಅವಳ ಮೊಣಕಾಲು ಸವರಿದಳು.

"ನಿಂಗೆ ಕಾಫಿ ಕೊಡ್ಲಿಲ್ಲ ಅಂತ ಬೇಜಾರು ಮಾಡ್ಕೋಬ್ಯಾಡ. ನಿಂಗೆ ಆಗಲ್ವಂತಲ್ಲ, ವಾಸ್ನೆಗೇ ತಲೆನೋವು ಬತ್ತದಂತೆ. ಅದಕ್ಕೇ ಮನೇಲಿ ಕಾಫಿ ಮಾಡ್ಸಲ್ಲ ಕಣಕ್ಕ ಅಂತಿದ್ದ. ನಿನ್ ಹೆಸ್ರು ಹೇಳ್ದೆ ಒಂದು ದಿನಾನೂ ಕುಡಿದವ್ನಲ್ಲ."

"ಅಮ್ಮ, ನಿಂಗ್ಯಾವಾಗ ತಲೆನೋವು..." ಎಂದು ಪೂಜಾ ಶುರು ಮಾಡಿದಳು. ಸಿದ್ದಲಕ್ಷ್ಮಮ್ಮ ಮಗಳ ಕೈಯನ್ನು ಗಟ್ಟಿಯಾಗಿ ಅದುಮಿದಳು.

"ಹೂಂ," ಅಂದಳು. "ಬರ್ತದೆ."

*

ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ವಿಭೂತಿ ಇಟ್ಟರು. ಎಷ್ಟು ತೊಳೆದರೂ ಬಲಗೈಯ ಹೆಬ್ಬೆರಳು, ತೋರುಬೆರಳು ಕಂದಾಗಿಯೇ ಇದ್ದವು. ಪುಡಿ ತಿಕ್ಕಿ ನೋಡುತ್ತಿದ್ದ ಬೆರಳುಗಳು.

"ಬಾಯಿಗೆ ನೀರು ಬಿಡೋರು ಬನ್ನಿ," ಚೌಡಪ್ಪ ಕರೆದ. ಬಳಗದವರು ಒಬ್ಬೊಬ್ಬರಾಗಿ ಬಂದು ತುಳಸಿ ನೀರು ಬಿಟ್ಟರು. ಪೂಜಾ ಬಿಟ್ಟಳು. ಸಿದ್ದಲಕ್ಷ್ಮಮ್ಮ ಕೊನೆಯವಳು.

"ಒಂದು ಮಾತು," ನಾಗಭೂಷಣ್ ಗಂಟಲು ಸರಿಮಾಡಿಕೊಂಡ. "ಜೀವ ಇಷ್ಟಪಟ್ಟಿದ್ದನ್ನ ಬಾಯಿಗೆ ಬಿಡೋದು ಪದ್ಧತಿ. ಹೆಂಡ್ತಿ ಕೈಯಲ್ಲಿ ಒಂದು ತೊಟ್ಟು ಕಾಫಿ ಬಿಡ್ಸಿ."

"ತಪ್ಪೇನಿಲ್ಲ ಅತ್ಗೆ," ಅಂದ ಚೌಡಪ್ಪ. "ನಮ್ಮಪ್ಪಂಗೆ ಹೆಂಡ ಬಿಟ್ಟಿದ್ವಿ."

ಕೊಲ್ಲಾಪುರಮ್ಮ ಆಗಲೇ ಎರಡನೆಯ ಫ್ಲಾಸ್ಕನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಬೆಳಗಿನಿಂದ ಅದನ್ನು ಯಾರಿಗೂ ತೆರೆದಿರಲಿಲ್ಲ. "ಇದು ಅವ್ನಿಗೇ ಅಂತ ಬೇರೆ ತಂದಿದ್ದು. ಅವ್ನು ಹೋದ ವಾರ ಮಾಡ್ಕೊಟ್ಟ ಪ್ಲೇಟಲ್ಲೇ ಬೀಸಿದ್ದು. ಮೊದಲನೇದು."

ಮುಚ್ಚಳ ತಿರುಗಿತು. ವಾಸನೆ ಊದುಬತ್ತಿಯನ್ನೂ ಹೂವನ್ನೂ ದಾಟಿಕೊಂಡು ಹಾಲಿನ ತುಂಬ ಹರಡಿತು. ಮುದುಕಿ ಮುಚ್ಚಳಕ್ಕೆ ಬಗ್ಗಿಸಿ, ಚಮಚದಲ್ಲಿ ತುಂಬಿ, ಇನ್ನೊಂದು ಕೈಯನ್ನು ಅಡಿ ಹಿಡಿದು ಸಿದ್ದಲಕ್ಷ್ಮಮ್ಮನ ಮುಂದೆ ಚಾಚಿದಳು. "ನಿನ್ನ ಕೈಯಾರೆ ಬಿಡು ತಾಯಿ. ತಣ್ಣಗೆ ಹೋಯ್ತಾನೆ."

ಎಲ್ಲರೂ ನೋಡುತ್ತಿದ್ದರು. ಚಮಚದಿಂದ ಹಬೆ ಏಳುತ್ತಿತ್ತು. ಸಿದ್ದಲಕ್ಷ್ಮಮ್ಮನ ಬಾಯಲ್ಲಿ ನೀರೂರಿತು. ಅವಳು ಅದನ್ನು ಯಾರಿಗೂ ಕಾಣದಂತೆ ನುಂಗಿಕೊಂಡಳು.

"ಬೇಡ," ಅಂದಳು. "ನಮ್ಮನೆಯವ್ರು ಕಾಫಿ ಕುಡೀತಿರ್ಲಿಲ್ಲ."